ಮಹಾರಾಜನ ಶ್ರುತಿ

ಮಾರ್ಚ್ 3, ಮಂಗಳವಾರ

ಮಹಾಜನಗಳೇ! ಮುಂದಿನ ಸಾಲಿನ ಗಣ್ಯರೇ, ಹಿಂದಿನ ಬೆಂಚಿನ ಸಿಳ್ಳೆಗಾರರೇ, ಕಂಬಕ್ಕೆ ಒರಗಿ ನಿಂತ ಬಿಟ್ಟಿ ಪ್ರೇಕ್ಷಕರೇ! ಸದ್ದು, ಸದ್ದು! ಇದೋ ಪರದೆ ಏಳುತ್ತಿದೆ!

ಯಾರೂ ಇಲ್ಲ, ಗೊತ್ತು. ಇದು ಗೆರೆ ಹಾಕಿದ ನೋಟ್‌ಬುಕ್ಕು. ಎದುರಿಗಿರುವುದು ಹಚ್ಚೆ ಹಾಕಿಸಿಕೊಳ್ಳುವವರ ಖಾಲಿ ಕುರ್ಚಿ. ಆದರೆ ನಾಟಕ ಕಂಪನಿಯಲ್ಲಿ ಹುಟ್ಟಿ, ಬಣ್ಣದ ಪೆಟ್ಟಿಗೆಯ ಮೇಲೆ ಮಲಗಿ ಬೆಳೆದವನಿಗೆ ಸಭೆಯಿಲ್ಲದೆ ಮಾತು ಹೊರಡುವುದಿಲ್ಲ. ಆದ್ದರಿಂದ ಸಭೆ ಇದೆ.

ಇಂದಿನ ಅಂಕದಲ್ಲಿ ಪ್ರವೇಶ ಮಾಡಿದವರು ಬಸ್ ಓಡಿಸುವ ಡ್ರೈವರಮ್ಮ. ಸೂಜಿಗಳನ್ನು ವಿಂಗಡಿಸುತ್ತ ಕೂತಿದ್ದೆ. ತಲೆ ಎತ್ತಿದರೆ ಮೂಗಿನ ಮುಂದೆ ಖಾಕಿ ಅಂಗಿ. ಬೆಚ್ಚಿಬಿದ್ದೆ.

"ಗಂಟೆ ಒತ್ತೋ ಅಭ್ಯಾಸ ಇಲ್ವೇನಮ್ಮಾ?"

"ಒತ್ತಿದೆ ಸಾರ್. ಇನ್ನೊಂದು ಸಲ ಒತ್ತಿದೆ. ಆಮೇಲೆ ಬಾಗಿಲು ಬಡಿದೆ."

ಗಂಟೆಯ ಬ್ಯಾಟರಿ ಹೋಗಿರಬೇಕು.

ತೋಳು ಮಡಿಸಿ ಮುಂಗೈ ಚಾಚಿದಳು. ಕಳೆದ ಜುಲೈನಲ್ಲಿ ಇದೇ ಕುರ್ಚಿಯಲ್ಲಿ ಹಾಕಿದ ಹಚ್ಚೆ. ಅವಳ ತಾಯಿ ತೀರಿಕೊಳ್ಳುವ ಮೊದಲು ಚೀಟಿಯಲ್ಲಿ ಬರೆದಿಟ್ಟ ಕೊನೆಯ ಸಾಲು, ಅವರದೇ ಕೈಬರಹದಲ್ಲಿ: 'ಊಟ ಮುಚ್ಚಿಟ್ಟಿದೀನಿ, ತಿಂದು ಮಲಗು.' ಮೊದಲೆರಡು ಪದ ಚೆನ್ನಾಗಿವೆ. 'ತಿಂದು' ಅನ್ನುವಲ್ಲಿಂದ ಗೆರೆ ತುಂಡು ತುಂಡು. 'ಮಲಗು' ಅಂತೂ ಇರುವೆ ಸಾಲಿನ ಹಾಗೆ, ಅಲ್ಲಲ್ಲಿ ಒಡೆದು ಕಲೆಯಾಗಿದೆ.

"ಇಪ್ಪತ್ಮೂರಕ್ಕೆ ನಾನು ದೂರದ ರೂಟಿಗೆ ಹೋಗ್ತೀನಿ ಸಾರ್, ಮನೇನೂ ಆ ಕಡೆಗೇ. ಅಷ್ಟರೊಳಗೆ ಇದನ್ನ ಸರಿ ಮಾಡ್ಕೊಡಿ. ಆದ್ರೆ ನಿಮ್ಮ ತಂಗೀನೇ ಮಾಡ್ಬೇಕು."

"ಅವಳು ಬಿಟ್ಟು ಹೋದಳು. ಅವಳ ಕೈ ನಡುಗುತ್ತೆ. ನಾನೇ ಮಾಡ್ತೀನಿ."

ಡ್ರೈವರಮ್ಮ ನನ್ನನ್ನೇ ದಿಟ್ಟಿಸಿದಳು. ಬಾಗಿಲ ಕಡೆ ತಿರುಗಿ ಏನೋ ಗೊಣಗಿದಳು. ಈಗಿನವರಿಗೆ ಬಾಯಿಬಿಟ್ಟು ಮಾತಾಡುವುದೇ ಬರುವುದಿಲ್ಲ. ನಮ್ಮ ಕಾಲದಲ್ಲಿ ಸೇವಕನ ಪಾತ್ರದವನು "ಅಪ್ಪಣೆ" ಅಂದರೂ ಕಡೆಯ ಬೆಂಚಿಗೆ ಕೇಳುತ್ತಿತ್ತು!

ಮಾರ್ಚ್ 5, ಗುರುವಾರ

ಸಭಿಕರೇ, ಆ ಜುಲೈನ ದೃಶ್ಯವನ್ನು ನ್ಯಾಯವಾಗಿ ನಿಮ್ಮ ಮುಂದಿಡುತ್ತೇನೆ. ತೀರ್ಪು ನಿಮ್ಮದು.

ಈ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಇಬ್ಬರೇ ಇದ್ದೆವು, ನಾನು ಮತ್ತು ನನ್ನ ತಂಗಿ ಪುಟ್ಟಿ. ಐವತ್ತು ದಾಟಿದರೂ ಪುಟ್ಟಿಯೇ. ಗೆರೆಯ ಕೆಲಸ ಅವಳದು. ಬಣ್ಣ ತುಂಬುವುದು, ಮಷೀನು ರಿಪೇರಿ ನನ್ನದು. ಗೆರೆ ಎಳೆಯುವ ಹಿತ್ತಾಳೆ ಮಷೀನಿಗೆ ನಾನಿಟ್ಟ ಹೆಸರು ಮಹಾರಾಜ. ಅವನ ಶ್ರುತಿ ಕೂರಿಸಲು ನನಗೆ ಯಾವ ಮೀಟರೂ ಬೇಡ. ಕಂಪನಿಯ ಹಾರ್ಮೋನಿಯಂ ಪಕ್ಕದಲ್ಲಿ ಬೆಳೆದ ಕಿವಿ ಇದು. ಸೂಜಿಯ ಓಟ ಹಿಡಿಯುವ ತಿರುಪು ಒಂದು ಕೂದಲೆಳೆ ಬಿಗಿ ಮಾಡು, ಕೇಳು. ಇನ್ನೊಂದು ಎಳೆ, ಕೇಳು. ಆ ಕಣಕಣ ಬಂತೋ, ಬಿಡು ಕೈ.

ಆ ದಿನ ಪುಟ್ಟಿ ಎರಡು ಪದ ಮುಗಿಸಿದ್ದಳು. ಮಹಾರಾಜ ಯಾಕೋ ಮಂಕಾಗಿದ್ದ, ಗೊರಕೆ ಹೊಡೆದಂತೆ ಸದ್ದು. ನಾನೇ ಎದ್ದು ಹೋಗಿ ತಿರುಪು ಬಿಗಿ ಮಾಡಿಕೊಟ್ಟೆ. ಅಷ್ಟು ಮಾಡಿಕೊಟ್ಟರೂ ಮುಂದಿನ ಪದಕ್ಕೇ ಅವಳ ಗೆರೆ ಒಡೆಯಿತು! ಗಿರಾಕಿಯ ಎದುರಿಗೇ, ಬಾಗಿಲು ತೆರೆದಿದ್ದಾಗಲೇ ಗುಡುಗಿದೆ:

"ಕೈ ನಡುಗುತ್ತಿದೆ! ತಾಯಿಯ ಅಕ್ಷರವನ್ನು ಕೊಂದೆ! ಈ ಕೈಗೆ ಇನ್ನು ಸೂಜಿ ಕೊಡುವವನು ಮೂರ್ಖ!"

ಬೀದಿಯಲ್ಲಿ ಹೋಗುವವರು ನಿಂತು ನೋಡಿದರು. ಒಳ್ಳೆಯ ಸಂಭಾಷಣೆ, ಒಪ್ಪುತ್ತೇನೆ. ಅವಳು ಒಂದು ಮಾತು ಎದುರಾಡಲಿಲ್ಲ. ತಪ್ಪಿಲ್ಲದವರು ಸುಮ್ಮನಿರುತ್ತಾರೆಯೇ? ಕೈಗವಸು ಕಳಚಿ, ಗಿರಾಕಿಯ ಮುಂಗೈ ಒರೆಸಿ, ಪಟ್ಟಿ ಕಟ್ಟಿ, ಚಪ್ಪಲಿ ಮೆಟ್ಟಿ ಹೊರಟಳು. ಮತ್ತೆ ಬರಲಿಲ್ಲ.

ಇರಲಿ. ಇಂದು ಮಹಾರಾಜನನ್ನು ಹೊರತೆಗೆದೆ. ಎಂಟು ತಿಂಗಳಿಂದ ಬಣ್ಣದ ಮಷೀನಲ್ಲೇ ಚಿಕ್ಕಪುಟ್ಟ ಕೆಲಸ ಮಾಡಿಕೊಂಡು ದೂಡಿದ್ದೆ. ಅಭ್ಯಾಸದ ರಬ್ಬರ್ ಚರ್ಮದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದೆ.

ಒಡೆಯಿತು. ತುಂಡು ತುಂಡು. ಮತ್ತೆ ಎಳೆದೆ. ಅದೇ ಇರುವೆ ಸಾಲು.

ಶಾಯಿ ಹಳೆಯದಿರಬೇಕು.

ಮಾರ್ಚ್ 7, ಶನಿವಾರ

ಶಾಯಿ ಹೊಸದು. ಗೆರೆ ಒಡೆಯಿತು.

ಸೂಜಿ ಓಡುವ ನಳಿಕೆ ಬಿಚ್ಚಿದೆ. ಮೂತಿಯೊಳಗೆ ಒಣಗಿದ ಶಾಯಿ ಇದ್ದೀತು ಎಂದು ಬಿಸಿನೀರಲ್ಲಿ ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಬೆಳಕಿಗೆ ಹಿಡಿದು ನೋಡಿದೆ. ಒಳಗೆ ಕನ್ನಡಿ. ಗೆರೆ ಒಡೆಯಿತು.

ಸೂಜಿ ಬದಲಿಸಿದೆ. ಮೂತಿಯಿಂದ ತೀರ ಹೊರಗೆ ಚಾಚಿದರೆ ಶಾಯಿ ಹಿಂದೆಯೇ ಉಳಿಯುತ್ತದೆ, ತೀರ ಒಳಗಿದ್ದರೆ ಚರ್ಮಕ್ಕೆ ತಾಕುವುದಿಲ್ಲ. ಅಕ್ಕಿಕಾಳಿನ ಅರ್ಧದಷ್ಟು ಹೊರಗಿಟ್ಟೆ. ಒಡೆಯಿತು.

ನನ್ನ ಕೈಯನ್ನು ಮೇಜಿನ ಮೇಲಿಟ್ಟು ತುಂಬ ಹೊತ್ತು ನೋಡಿದೆ. ನಡುಗುತ್ತಿಲ್ಲ.

ಮಾರ್ಚ್ 10, ಮಂಗಳವಾರ

ಕಳ್ಳ ಸಿಕ್ಕ ಅಂದುಕೊಂಡೆ! ಸೂಜಿಕಡ್ಡಿಯ ಕೊಂಡಿ ಕೂರುವ ಚಿಕ್ಕ ರಬ್ಬರ್ ತುಂಡು ಸವೆದಿತ್ತು. ಸೂಜಿ ಮೇಲೆ ಕೆಳಗೆ ಹೋಗುವ ಬದಲು ಅಕ್ಕಪಕ್ಕ ತಲೆ ಅಲ್ಲಾಡಿಸುತ್ತಿತ್ತು. ಹೊಸ ತುಂಡು ಹಾಕಿದೆ. ಕಡ್ಡಿಯನ್ನು ನಳಿಕೆಗೆ ಒತ್ತಿ ಹಿಡಿಯುವ ರಬ್ಬರ್ ಬ್ಯಾಂಡು ಸಡಿಲವಾಗಿತ್ತು, ಅದನ್ನೂ ಬದಲಿಸಿದೆ. ಈಗ ಸೂಜಿ ಒಂದೇ ದಾರಿಯಲ್ಲಿ ಓಡುತ್ತದೆ, ಅಲುಗಾಟವಿಲ್ಲ. ತಿರುಪು ಬಿಗಿ ಮಾಡಿ ಕಣಕಣ ಬರಿಸಿ, ಗೆರೆ ಎಳೆದೆ.

ನೇರವಾಗಿ ಬಂತು. ನೇರವಾಗಿಯೇ ಒಡೆದು ಬಂತು.

ಅಷ್ಟರಲ್ಲಿ ಪಕ್ಕದ ಬೀಗದಂಗಡಿಯವನು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಬಂದ. ಕೀಲಿ ತಿದ್ದುವವನು, ಮಾತಿನಲ್ಲೂ ಅರ ಹಾಕುವವನು.

"ನಾಟಕದಣ್ಣಾ, ಇದೇನು ಹಚ್ಚೆ ಹಾಕ್ತಿದೀರೋ, ಡಬ್ಬದೊಳಗೆ ಸೊಳ್ಳೆ ಹಿಂಡು ಕೂಡಿಹಾಕಿ ಕುಲುಕ್ತಿದೀರೋ? ಗೋಡೆ ಆ ಕಡೆ ನನ್ನ ಹಲ್ಲು ಜುಮ್ಮನ್ನುತ್ತೆ!"

"ಏನಯ್ಯಾ? ಗಟ್ಟಿಯಾಗಿ ಹೇಳು."

"ಗಟ್ಟಿಯಾಗೇ ಹೇಳ್ತಿದೀನಿ! ಎರಡು ವರ್ಷದಿಂದ ವಾರವಾರಕ್ಕೂ ಕಿರುಚಾಟ ಜಾಸ್ತಿ ಆಗ್ತಿದೆ, ನಿಮ್ಮದೂ, ನಿಮ್ಮ ಮಷೀನಿಂದೂ!"

ಸಂಗೀತದ ಗಂಧವಿಲ್ಲದವನು. ಮಹಾರಾಜ ಮೃದುವಾಗಿ ಗುನುಗುತ್ತಿದ್ದಾನೆ. ಇವನಿಗೆ ಕಿರುಚಾಟವಂತೆ!

ಮಾರ್ಚ್ 11, ಬುಧವಾರ

ಗಂಟೆಗೆ ಮತ್ತೆ ಹೊಸ ಬ್ಯಾಟರಿ. ಈಗಲೂ ಸತ್ತೇ ಇದೆ. ಈಗಿನ ಮಾಲೇ ಹೀಗೆ.

ಮಾರ್ಚ್ 13, ಶುಕ್ರವಾರ

ಕೇಕಿನ ಅಂಗಡಿಯ ಬೀದಿಗೆ ಹೋಗಿದ್ದೆ. ಬೇಕೆಂದು ಹೋದದ್ದಲ್ಲ ಎಂದು ಬರೆಯಹೊರಟಿದ್ದೆ. ಬೇಕೆಂದೇ ಹೋದೆ.

ಪುಟ್ಟಿ ಅಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸಕ್ಕಿದ್ದಾಳೆ. ಗಾಜಿನ ಹೊರಗೆ, ಬ್ರೆಡ್ಡಿನ ಚಿತ್ರದ ಮರೆಯಲ್ಲಿ ನಿಂತು ನೋಡಿದೆ. ತಲೆಗೆ ಬಿಳಿ ಟೋಪಿ. ಮುಂದೆ ತಟ್ಟೆಯಗಲದ ಕೇಕು. ಕಾಗದದ ಕೋನ್‌ನಲ್ಲಿ ಕೆನೆ ತುಂಬಿ, ಉಸಿರು ಹಿಡಿದಳು. ಆ ಉಸಿರು ನನಗೆ ಗೊತ್ತು. ಇಪ್ಪತ್ತೆರಡು ವರ್ಷ ನೋಡಿದ್ದೇನೆ. ಒಂದೇ ಹಿಡಿತದಲ್ಲಿ ಏಳಕ್ಷರದ ಹೆಸರು, ಸುತ್ತಿ, ಇಳಿದು, ಮೇಲೆದ್ದು, ಎಲ್ಲೂ ಗೆರೆ ಒಡೆಯದೆ, ಎಲ್ಲೂ ದಪ್ಪವಾಗದೆ. ಕೊನೆಗೆ ಮಣಿಕಟ್ಟನ್ನು ಹಗುರಾಗಿ ಎತ್ತಿ ಕೆನೆಯ ಎಳೆ ಕತ್ತರಿಸಿದಳು.

ಆ ಕೈ ನಡುಗುವುದಿಲ್ಲ.

ಒಳಗೆ ಹೋಗಲಿಲ್ಲ. ಗಾಜಿನ ಮೇಲೆ ನನ್ನ ಉಸಿರಿನ ಮಬ್ಬು ಉಳಿಯಿತು. ತೋಳಿನಿಂದ ಒರೆಸಿ ಬಂದೆ.

ಮಾರ್ಚ್ 14, ಶನಿವಾರ

ಬೆಳಗಿನಿಂದ ಅಪ್ಪನ ನೆನಪು.

ಅಪ್ಪ ರಾಜನ ಪಾತ್ರಧಾರಿ. ಸಿಂಹಾಸನದಿಂದ ಎದ್ದರೆ ಹಲಗೆ ನಡುಗಬೇಕು, ಅಂಥ ಗಂಟಲು. ಐವತ್ತೈದು ದಾಟಿದ ಮೇಲೆ ಮಾತು ಮರೆಯತೊಡಗಿದ. ಮರೆಯುವುದು ದೊಡ್ಡದಲ್ಲ, ಪಕ್ಕದ ಪರದೆಯ ಹಿಂದಿನಿಂದ ಮಾತು ಎತ್ತಿಕೊಡುವವರು ಇರುತ್ತಾರೆ. ಆದರೆ ಎತ್ತಿಕೊಟ್ಟರೂ ಅವನಿಗೆ ಕೇಳುತ್ತಿರಲಿಲ್ಲ. ರಾಣಿ "ಪ್ರಭೂ, ಯುದ್ಧ ಬೇಡ" ಅನ್ನುವ ಮೊದಲೇ ಇವನು "ನಿನ್ನ ಕಣ್ಣೀರು ನನ್ನನ್ನು ತಡೆಯದು!" ಎಂದು ಅಬ್ಬರಿಸಿದ. ರಾಣಿ ಇನ್ನೂ ಅತ್ತೇ ಇರಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಹದಿನೈದರ ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ಅವನ ಮಗನೆಂದು ಯಾರಿಗೂ ಗೊತ್ತಾಗಬಾರದೆಂದು.

ನಗದವಳು ಪುಟ್ಟಿ ಒಬ್ಬಳೇ. ಹತ್ತು ವರ್ಷದವಳು. ಮರುದಿನದಿಂದ ಪರದೆಯ ಹಿಂದೆ ನಿಲ್ಲುವುದು ಬಿಟ್ಟು, ಅಪ್ಪನಿಗೆ ಮಾತ್ರ ಕಾಣುವ ಹಾಗೆ ರಂಗದ ಬದಿಯ ಸೈಡ್‌ವಿಂಗಿನ ಸಂದಿಯಲ್ಲಿ ಕೂತು, ಸದ್ದಿಲ್ಲದೆ ಬರೀ ತುಟಿ ಅಲ್ಲಾಡಿಸಿ ಮಾತು ಎತ್ತಿಕೊಟ್ಟಳು. ಇನ್ನೂ ನಾಲ್ಕು ವರ್ಷ ಅಪ್ಪ ರಾಜನಾಗಿಯೇ ಉಳಿದ.

ಇದನ್ನು ಯಾಕೆ ಬರೆದೆನೋ.

ಮಾರ್ಚ್ 16, ಸೋಮವಾರ

ಬೀಗದವನು ಬಂದ. ಇವತ್ತು ಕಿವಿಗೆ ಹತ್ತಿ ತುರುಕಿಕೊಂಡಿದ್ದ. ಕೈಯಲ್ಲಿ ರಸೀದಿ ಮಷೀನಿನ ಕಾಗದದ ಸುರುಳಿ.

ಎದುರಿಗೆ ಬಂದು, ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು ಹೇಳಿದ: "ನಾಟಕದಣ್ಣಾ, ಒಂದು ದಿನ ಕಿವಿ ಬಿಡಿ. ಕಣ್ಣಲ್ಲಿ ನೋಡಿ. ನೀವು ಸೂಜಿ ಹಿಡ್ಕೊಳ್ಳಿ, ನಾನು ಕಾಗದ ಎಳೀತೀನಿ."

ಮಹಾರಾಜನನ್ನು ನನ್ನ ಕಣಕಣಕ್ಕೆ ಕೂರಿಸಿ ಹಿಡಿದೆ. ಅವನು ಸೂಜಿಯ ಕೆಳಗೆ ಕಾಗದವನ್ನು ಸರ್ರನೆ ಎಳೆದ. ಬಿದ್ದ ಚುಕ್ಕಿಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಮೊದಲ ಒಂದು ಗೇಣು ಶಾಯಿ, ಆಮೇಲೆ ಬರೀ ತೂತು. ಸೂಜಿ ಅಷ್ಟು ವೇಗದಲ್ಲಿ, ಅಷ್ಟು ಗಿಡ್ಡ ಜಿಗಿತದಲ್ಲಿ ಓಡುತ್ತಿತ್ತು. ಮೂತಿಯೊಳಕ್ಕೆ ಹಿಂದಿರುಗಿ ಶಾಯಿ ಹೀರಲು ಅದಕ್ಕೆ ಬಿಡುವೇ ಇರಲಿಲ್ಲ.

"ಈಗ ತಿರುಪು ಸಡಿಲ ಮಾಡಿ. ಇನ್ನೂ. ಇನ್ನೂ ಅಣ್ಣಾ. ಹಾಂ."

ಎಳೆದ. ಚುಕ್ಕಿ, ಚುಕ್ಕಿ, ಚುಕ್ಕಿ. ಸಮನಾದ ಅಂತರ. ಪ್ರತಿಯೊಂದರಲ್ಲೂ ತುಂಬು ಕಪ್ಪು. ರಬ್ಬರ್ ಚರ್ಮದ ಮೇಲೆ ಎಳೆದೆ. ಮೊಳದುದ್ದದ ಗೆರೆ, ಒಂದು ಬಿರುಕಿಲ್ಲ.

"ನೋಡಿ, ಈಗ ಎಷ್ಟು ಚಂದ ಗುಂಯ್ ಅಂತಿದೆ!" ಎಂದು ಅವನು ಕಿವಿಯಿಂದ ಹತ್ತಿ ತೆಗೆದ.

ನನಗೆ ಏನೂ ಕೇಳಿಸಲಿಲ್ಲ. ಮಷೀನು ನಿಂತಿದೆ ಅಂದುಕೊಂಡೆ. ಸೂಜಿ ನೋಡಿದರೆ ಓಡುತ್ತಿತ್ತು.

ಅವನು ಬಾಗಿಲಿಗೆ ಹೋಗಿ ಗಂಟೆ ಒತ್ತಿದ. ಮತ್ತೆ ಒತ್ತಿದ. ಬೆರಳು ಒತ್ತುತ್ತಿರುವುದು ಕಾಣುತ್ತಿತ್ತು.

ಮಾರ್ಚ್ 17, ಮಂಗಳವಾರ

ಸಭೆಯನ್ನು ಕರೆಯುವ ಮನಸ್ಸಿಲ್ಲ.

ಮಹಾರಾಜ ಕೆಟ್ಟಿರಲಿಲ್ಲ. ಅವಳ ಕೈಯೂ ಕೆಟ್ಟಿರಲಿಲ್ಲ. ಗೆರೆ ಒಡೆದದ್ದು ನಾನು ಎದ್ದು ಹೋಗಿ ತಿರುಪು ಬಿಗಿ ಮಾಡಿದ ಮೇಲೆ.

ಆದರೂ ಅವಳು ಒಂದು ಮಾತು ಹೇಳಬಹುದಿತ್ತು.

ಮಾರ್ಚ್ 19, ಗುರುವಾರ

ಡ್ರೈವರಮ್ಮನ ಬಸ್ಸು ಹತ್ತಿದೆ. ಅವಳ ಹಿಂದಿನ ಸೀಟಿನಲ್ಲೇ ಕೂತು, ಮುಂದಕ್ಕೆ ಬಾಗಿ, ನಡೆದದ್ದನ್ನೆಲ್ಲ ಹೇಳಿದೆ. ಮೆಲ್ಲಗೇ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಮೂರು ಸೀಟು ಹಿಂದಿನ ಅಜ್ಜಿ "ಆಮೇಲೇನಾಯ್ತಪ್ಪಾ?" ಎಂದು ಎದ್ದು ಬಂದು ಪಕ್ಕದಲ್ಲಿ ಕೂತರು.

"ಒಂದು ಮಾತು ಕೇಳ್ತೀನಮ್ಮಾ. ಅವಳು ಆ ದಿನ ಯಾಕೆ ಸುಮ್ಮನಿದ್ದಳು? ಮಷೀನು ಸರಿಯಿಲ್ಲ ಅಂತ ಹೇಳಬಾರದಿತ್ತೇ?"

ಡ್ರೈವರಮ್ಮನ ಬೆನ್ನು ಏನೋ ಹೇಳಿತು. ಕುತ್ತಿಗೆ ಅಲುಗಿದ್ದು ಕಂಡಿತು, ಅಷ್ಟೇ. ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡರು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲೆ ಅವಳು ಇಂಜಿನ್ ಆರಿಸಿ, ಸೀಟಿನಲ್ಲಿ ಪೂರಾ ತಿರುಗಿ, ನನ್ನ ಮುಖಕ್ಕೆ ಮುಖ ಕೊಟ್ಟು ಹೇಳಿದಳು.

"ಮೂರು ಸಲ ಹೇಳಿದ್ರು ಸಾರ್. ನೀವು ತಿರುಪು ಮುಟ್ಟಿದ ತಕ್ಷಣ 'ಅಣ್ಣಾ, ತುಂಬ ಓಡ್ತಿದೆ, ಸಡಿಲ ಮಾಡು' ಅಂದ್ರು. ನೀವು ಬೆನ್ನು ಹಾಕಿ ಕೂತಿದ್ರಿ. ಮತ್ತೆ ಅಂದ್ರು. ಮೂರನೇ ಸಲ ಅಂದಾಗ ನೀವು ಎದ್ದು ಬಂದು ಗೆರೆ ನೋಡಿ ಕೂಗೋಕೆ ಶುರು ಮಾಡಿದ್ರಿ. ಅವತ್ತಿಂದ ನಾನು, ನೀವು ಬೇಕಂತಲೇ ಕೇಳಿಸ್ಕೊಳ್ಳಲಿಲ್ಲ ಅಂತ ತಿಳ್ಕೊಂಡಿದ್ದೆ."

ನಾನು ಕೂತೇ ಇದ್ದೆ. ಬಸ್ಸು ತಿರುಗಿಸುವ ಹೊತ್ತಾಯಿತು ಎಂದು ಅವಳು ಗಡಿಯಾರ ತೋರಿಸಿದಳು.

ಎಂಟು ತಿಂಗಳು ನಾನು ಅವಳ ಮೌನವನ್ನು ಸಾಕ್ಷಿಯಾಗಿ ಎತ್ತಿ ತೋರಿಸಿದೆ. ಆ ಮೌನ ನನ್ನ ಕಿವಿಯದು.

ಮಾರ್ಚ್ 21, ಶನಿವಾರ

ಮಧ್ಯಾಹ್ನ ಕೇಕಿನ ಅಂಗಡಿಗೆ ಹೋದೆ. ದಾರಿಯುದ್ದಕ್ಕೂ ಸಂಭಾಷಣೆ ಬಾಯಿಪಾಠ ಮಾಡಿದ್ದೆ. ಮೂರು ಪ್ಯಾರಾ, ನಡುವೆ ಎರಡು ನಿಟ್ಟುಸಿರು, ಕೊನೆಗೆ ಮೊಣಕಾಲೂರುವುದು. ಪುಟ್ಟಿ ತಲೆ ಎತ್ತಿ ನೋಡಿದಾಗ ಎಲ್ಲ ಮರೆತುಹೋಯಿತು.

"ಒಂದು ಕೇಕು ಬೇಕಿತ್ತು" ಅಂದೆ.

"ಏನು ಬರೀಲಿ?"

"'ತಪ್ಪು ನನ್ನದು' ಅಂತ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಪುಟ್ಟಿ ಕೆನೆಯ ಕೋನ್ ಕೆಳಗಿಟ್ಟು, ಕೈ ಒರೆಸಿಕೊಂಡು, ಕಟ್ಟೆ ಸುತ್ತಿ ಬಂದು ನೇರ ನನ್ನೆದುರಿಗೆ ನಿಂತಳು. ನಿಧಾನವಾಗಿ, ತುಟಿ ಚೆನ್ನಾಗಿ ಕಾಣುವ ಹಾಗೆ ಮಾತಾಡಿದಳು.

"ಕೇಕಿನ ಮೇಲೆ ಅಂಥದ್ದೆಲ್ಲ ಬರಿಯಲ್ಲ ಅಣ್ಣ. ಬೈದದ್ದು ಬಾಯಲ್ಲಿ ತಾನೇ? ಇದನ್ನೂ ಬಾಯಲ್ಲೇ ಹೇಳು. ಬೀದಿಗೆ ಕೇಳಿಸಬೇಕಾಗಿಲ್ಲ."

ಹೇಳಿದೆ. ಮೆಲ್ಲಗೆ ಹೇಳಿದೆ. ಎಷ್ಟು ಮೆಲ್ಲಗೆ ಅಂದರೆ ನನಗೇ ಕೇಳಿಸಲಿಲ್ಲ. ಅವಳಿಗೆ ಕೇಳಿಸಿತು. ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ನಿನಗೆ ಮೊದಲೇ ಗೊತ್ತಿತ್ತಾ, ನನ್ನ ಕಿವಿ ವಿಷಯ?"

"ಎರಡು ವರ್ಷದಿಂದ ಗೊತ್ತು. ಒಂದು ಸಲ ಹೇಳೋಕೆ ಬಂದೆ. 'ನಾನೇನು ಅಪ್ಪನಾ?' ಅಂತ ನೀನು ಹಾರಿಬಿದ್ದೆ. ನೆನಪಿಲ್ವಾ? ಆಮೇಲೆ ನೀನಿಲ್ಲದಾಗ ನಾನೇ ದಿನಾ ತಿರುಪು ಸಡಿಲ ಮಾಡಿ ಕೆಲಸ ಮಾಡ್ಕೊಳ್ತಿದ್ದೆ. ಆ ದಿನ ಕೆಲಸದ ಮಧ್ಯೆ ನೀನೇ ಬಂದು ಬಿಗಿ ಮಾಡಿದೆ. ಸೂಜಿ ಚರ್ಮದ ಮೇಲಿತ್ತು. ಆ ಹುಡುಗಿ ಕೈ ಬಿಟ್ಟು ಏಳೋಕಾಗಲಿಲ್ಲ."

"ವಾಪಸ್ ಬಾ ಪುಟ್ಟಿ."

ತಲೆ ಅಲ್ಲಾಡಿಸಿದಳು. "ಇಲ್ಲಿ ಚೆನ್ನಾಗಿದೆ ಅಣ್ಣ. ಕೇಕಿಗೆ ನೋವಾಗಲ್ಲ. ತಪ್ಪಾದ್ರೆ ಚಮಚದಲ್ಲಿ ಕೆರೆದು ಮತ್ತೆ ಬರೀತೀನಿ. ಸರಿಯಾದ್ರೆ ಸಂಜೆಯೊಳಗೆ ತಿಂದು ಮುಗಿಸ್ತಾರೆ. ಯಾವುದೂ ಉಳಿಯಲ್ಲ. ಉಳಿಯೋ ಗೆರೆ ಎಳೆದು ಎಳೆದು ಸಾಕಾಗಿದೆ."

ಅವಳು ಸೋತು ಬಿಟ್ಟು ಹೋಗಿದ್ದರೆ ಕರೆತರಬಹುದಿತ್ತು. ಇಲ್ಲಿ ಸುಖವಾಗಿದ್ದಾಳೆ. ಅದಕ್ಕೆ ನನ್ನಲ್ಲಿ ಸಂಭಾಷಣೆ ಇಲ್ಲ.

"ಆ ಡ್ರೈವರಮ್ಮ" ಅಂದೆ, "ಸೋಮವಾರದಿಂದ ಇರಲ್ಲ."

ಪುಟ್ಟಿ ತನ್ನ ಬೆರಳು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಗುಲಾಬಿ ಕೆನೆ.

"ನಾಳೆ ನನಗೆ ರಜೆ. ಆ ಒಂದು ಸಾಲು ಮುಗಿಸಿ ಹೋಗ್ತೀನಿ. ಅದು ನಾನು ಅರ್ಧ ಬಿಟ್ಟ ಕೆಲಸ. ಮಷೀನು ನೀನು ಮುಟ್ಟಬಾರದು."

"ಮುಟ್ಟಲ್ಲ."

"ಕೂಗಬಾರದು."

"ಕೂಗಲ್ಲ."

"ಈಗಲೂ ಕೂಗ್ತಾನೇ ಇದೀಯಾ" ಅಂದಳು. ಎಂಟು ತಿಂಗಳ ಮೇಲೆ ಅವಳು ನಕ್ಕದ್ದು ನೋಡಿದೆ. ನಗುವಿನ ಸದ್ದು ನನಗೆ ಸಿಗಲಿಲ್ಲ. ಮೊದಲು ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ಅದು ಸಿಗುತ್ತಿದ್ದ ದಿನಗಳಲ್ಲಿ ನಾನೇ ಮಾತಾಡುತ್ತಿದ್ದೆ.

ದಾರಿಯಲ್ಲಿ ಡ್ರೈವರಮ್ಮನಿಗೆ ನಾಳೆ ಬರಲು ಹೇಳಿ, ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಹೊರಗೆ ಇನ್ನೂ ಬೆಳಕಿದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಅಂಗಡಿ ತೆರೆಯುತ್ತೇನೆ. ನಳಿಕೆ ಬಿಸಿನೀರಲ್ಲಿ ತೊಳೆದು, ಹೊಸ ಸೂಜಿ, ಹೊಸ ಶಾಯಿ, ಬೀಗದವನ ಕಾಗದದ ಸುರುಳಿ ಎಲ್ಲವನ್ನೂ ಅವಳ ಬಲಗಡೆ ಇಡುತ್ತೇನೆ. ಮಹಾರಾಜನನ್ನು ಒರೆಸಿ ಇಡುತ್ತೇನೆ, ತಿರುಪಿಗೆ ಬೆರಳು ತಾಗಿಸದೆ. ಆಮೇಲೆ ನನ್ನ ಸ್ಟೂಲನ್ನು ಅವಳ ಬೆನ್ನ ಹಿಂದಿನಿಂದ ತೆಗೆದು, ಕುರ್ಚಿಯ ಆ ಕಡೆ, ಅವಳ ತುಟಿ ಕಾಣುವ ಜಾಗದಲ್ಲಿ ಹಾಕಿಕೊಂಡು, ದೀಪ ಹಿಡಿದು ಕೂರುತ್ತೇನೆ.